ಹಳೆಯ ರಿಮೋಟು ಹೊಸದಕ್ಕೆ ಹೇಳಿಕೊಡುವ ಪಾಠ

(ಬಾಣಸವಾಡಿಯಲ್ಲಿ ಹಿರಿಯರ ಕೂಟವೊಂದರ ಮುಂದೆ ಓದಿದ ಉಪನ್ಯಾಸದ ಲಿಖಿತ ರೂಪ)

ಬಾಣಸವಾಡಿಯ ಸುತ್ತಮುತ್ತ ಬದುಕುವವರಿಗೆ ಸಂಕೇತಗಳೇನೂ ಹೊಸವಲ್ಲ. ಎಚ್.ಆರ್.ಬಿ.ಆರ್. ಎಂದರೆ ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ ಬಡಾವಣೆ. ಓ.ಎಂ.ಬಿ.ಆರ್. ಎಂದರೆ ಹಳೆ ಮದ್ರಾಸು ರಸ್ತೆ–ಬಾಣಸವಾಡಿ ರಸ್ತೆ ಬಡಾವಣೆ. ಇವುಗಳ ಪಕ್ಕದಲ್ಲಿ ಎಚ್.ಬಿ.ಆರ್. ಇದೆ, ಎನ್.ಜಿ.ಇ.ಎಫ್. ಇದೆ, ಸ್ವಲ್ಪ ಮುಂದೆ ಐ.ಟಿ.ಐ. ಇದೆ. ಹೊರಗಿನಿಂದ ಬಂದ ನೆಂಟರು ತಬ್ಬಿಬ್ಬಾಗುತ್ತಾರೆ. ಒಂದು ಅಕ್ಷರ ತಪ್ಪಿದರೆ ಆಟೋ ಇನ್ನೊಂದು ಬಡಾವಣೆಯಲ್ಲಿ ನಿಂತಿರುತ್ತದೆ. ಇಲ್ಲಿನವರಿಗೆ ಮಾತ್ರ ಇದು ನಾಲಿಗೆಯ ತುದಿಯಲ್ಲಿರುವ ವಿಷಯ. ಇಂತಹ ಜನ ಸಂಜೆ ಟೆಲಿವಿಷನ್ನಿನ ಮುಂದೆ ಕುಳಿತಾಗ, ಕೈಯಲ್ಲಿರುವ ಗೇಣುದ್ದದ ವಸ್ತುವಿಗೆ ಹೆದರುತ್ತಾರೆ ಎಂಬುದು ಸ್ವಲ್ಪ ವಿಚಿತ್ರವೇ.

ಆ ಹೆದರಿಕೆಯ ಸ್ವರೂಪ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಸಂಜೆ ಏಳು ಗಂಟೆ. ಮನೆಯಲ್ಲಿ ತಾಯಿಯೊಬ್ಬರೇ ಇದ್ದಾರೆ. ಮಕ್ಕಳು ದೂರದಲ್ಲಿದ್ದಾರೆ. ಧ್ವನಿ ಸ್ವಲ್ಪ ಹೆಚ್ಚಿಸೋಣವೆಂದು ಒತ್ತಿದ ಗುಂಡಿ ಬೇರೆ ಯಾವುದೋ ಆಗಿ, ಪರದೆಯ ಮೇಲೆ ನೀಲಿ ಬಣ್ಣ ಬಂದು ‘ನೋ ಸಿಗ್ನಲ್’ ಎಂಬ ಅಕ್ಷರಗಳು ಅಲ್ಲಿಂದಿಲ್ಲಿಗೆ ತೇಲಾಡಲು ತೊಡಗುತ್ತವೆ. ಮಗನಿಗೆ ಫೋನು ಹೋಗುತ್ತದೆ.

“ಅಮ್ಮಾ, ಸೋರ್ಸ್ ಅಂತ ಒಂದು ಬಟನ್ ಇದೆ ನೋಡು.”

“ಯಾವ ರಿಮೋಟಲ್ಲೋ? ಕರೀದರಲ್ಲಾ, ಬೂದಿ ಬಣ್ಣದ್ದರಲ್ಲಾ?”

“ಟಿ.ವಿ.ದು ಅಮ್ಮಾ.”

“ಎರಡೂ ಟಿ.ವಿ.ದೇ ಅಲ್ವೇನೋ?”

ಕೊನೆಯ ಪ್ರಶ್ನೆಗೆ ಆ ಕಡೆಯಿಂದ ಉತ್ತರ ಬರುವುದಿಲ್ಲ. ಬರುವುದೂ ಕಷ್ಟ. ಏಕೆಂದರೆ ಪ್ರಶ್ನೆ ಸರಿಯಾಗಿಯೇ ಇದೆ. ನೋಡುವುದು ಒಂದೇ ಪರದೆ, ಕೇಳುವುದು ಒಂದೇ ಧ್ವನಿ. ಅದಕ್ಕೆ ಎರಡು ರಿಮೋಟು ಏಕೆ? ಈ ಉಪನ್ಯಾಸದ ವಸ್ತು ಆ ತಾಯಿಯ ಪ್ರಶ್ನೆಯೇ. ಎರಡು ರಿಮೋಟುಗಳ ಕೆಲಸವನ್ನು ಒಂದಕ್ಕೆ ವಹಿಸುವುದು ಹೇಗೆ, ಅಂದರೆ ಒಂದು ರಿಮೋಟಿಗೆ ಇನ್ನೊಂದರ ವಿದ್ಯೆಯನ್ನು ಕಲಿಸುವುದು ಹೇಗೆ ಎಂಬುದು ಅದರ ಉತ್ತರ. ಕಲಿಸುವ ಕ್ರಮ ತಿಳಿಯುವ ಮೊದಲು, ಎರಡು ರಿಮೋಟು ಎಲ್ಲಿಂದ ಬಂದವು ಎಂಬುದನ್ನು ನೋಡಬೇಕು.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಂದಿನ ಸೆಟ್ಟುಗಳಲ್ಲಿ ಟಕಟಕನೆ ತಿರುಗುವ ದೊಡ್ಡದೊಂದು ಗುಬುಟು ಇರುತ್ತಿತ್ತು. ಹನ್ನೆರಡು ಮನೆಗಳಿದ್ದರೂ ತಿರುಗಿಸಲು ಕಾರಣವಿರಲಿಲ್ಲ, ಏಕೆಂದರೆ ಇದ್ದದ್ದು ಒಂದೇ ವಾಹಿನಿ. ಧ್ವನಿ ಏರಿಸಲು ಮನೆಯ ಕಿರಿಯ ಮಗುವಿತ್ತು. ಚಿತ್ರ ಅಲುಗಿದರೆ ತಾರಸಿ ಹತ್ತಿ ಆಂಟೆನಾ ತಿರುಗಿಸಲು ಹಿರಿಯ ಮಗನಿದ್ದ. ರಿಮೋಟು ಎಂಬುದು ಆಗ ಮನುಷ್ಯರೂಪದಲ್ಲೇ ಇತ್ತೆನ್ನಬಹುದು. 1990ರ ದಶಕದ ಆರಂಭದಲ್ಲಿ ಕೇಬಲ್ಲು ಬಂತು, 1994ರಲ್ಲಿ ಉದಯ ಟಿ.ವಿ. ಬಂತು, ವಾಹಿನಿಗಳ ಸಂಖ್ಯೆ ಬೆರಳೆಣಿಕೆಯನ್ನು ದಾಟಿತು. ಆಗ ರಿಮೋಟು ಐಷಾರಾಮದ ಪಟ್ಟಿಯಿಂದ ಅಗತ್ಯದ ಪಟ್ಟಿಗೆ ಬಂತು. ಆದರೂ ಒಂದೇ ಇತ್ತು. ಧೂಳು ಹಿಡಿಯದಂತೆ ಅದಕ್ಕೆ ಪ್ಲಾಸ್ಟಿಕ್ ಕವಚ ತೊಡಿಸಿ, ಊಟದ ಹೊತ್ತಿಗೆ ಯಜಮಾನರ ಕೈಯಲ್ಲಿ ಕೊಟ್ಟರೆ ಮುಗಿಯಿತು. ರಾಜಕೀಯ ಪುಟಗಳಲ್ಲಿ ‘ರಿಮೋಟ್ ಕಂಟ್ರೋಲ್ ಸರ್ಕಾರ’ ಎಂಬ ಮಾತು ಬಳಕೆಗೆ ಬಂದದ್ದೂ ಹೆಚ್ಚುಕಡಿಮೆ ಅದೇ ದಶಕದಲ್ಲಿ. ಯಾರ ಕೈಯಲ್ಲಿ ರಿಮೋಟು ಇದೆಯೋ ಅವರದೇ ಮನೆ ಎಂಬುದು ಪತ್ರಕರ್ತರಿಗೂ ಅನುಭವದಿಂದ ಗೊತ್ತಿತ್ತೆಂದು ತೋರುತ್ತದೆ.

ಎರಡನೆಯ ರಿಮೋಟು ಬಹುತೇಕ ಮನೆಗಳಿಗೆ ಬಂದದ್ದು ಸರ್ಕಾರದ ಕಾನೂನಿನ ಮೂಲಕ. ಕೇಬಲ್ ಪ್ರಸಾರವನ್ನು ಡಿಜಿಟಲ್ ಮಾಡಬೇಕೆಂಬ ಯೋಜನೆಯ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳಿದ್ದವು. ಅದಕ್ಕೆ ಗೊತ್ತುಮಾಡಿದ ಕೊನೆಯ ದಿನ 2013ರ ಮಾರ್ಚ್ 31. ಡಿಶ್ ಹಾಕಿಸಿಕೊಂಡವರ ಮನೆಗೆ ಅದಕ್ಕೂ ಕೆಲವು ವರ್ಷ ಮೊದಲೇ ಪೆಟ್ಟಿಗೆ ಬಂದಿತ್ತು. ಉಳಿದವರ ಮನೆಗೂ ಈಗ ಸೆಟ್‌ಟಾಪ್ ಪೆಟ್ಟಿಗೆ ಬಂದು ಕುಳಿತಿತು. ಅದರ ಜೊತೆಗೆ ಅದರದೇ ರಿಮೋಟು. ವಾಹಿನಿ ಬದಲಿಸುವ ಅಧಿಕಾರ ಪೆಟ್ಟಿಗೆಗೆ ಹೋಯಿತು. ಪರದೆಯನ್ನು ಬೆಳಗಿಸುವ, ಆರಿಸುವ ಅಧಿಕಾರ ಟಿ.ವಿ.ಯ ಬಳಿಯೇ ಉಳಿಯಿತು. ಧ್ವನಿಯ ವಿಷಯದಲ್ಲಿ ಇಬ್ಬರಿಗೂ ಹಕ್ಕಿದೆ. ಒಬ್ಬರು ತಗ್ಗಿಸಿದ್ದನ್ನು ಇನ್ನೊಬ್ಬರು ಪೂರ್ತಿ ಏರಿಸಲಾರರು. ಪಿತ್ರಾರ್ಜಿತ ಆಸ್ತಿ ಪಾಲಾದ ಮೇಲೆ ಬಾವಿಯೊಂದು ಜಂಟಿಯಾಗಿ ಉಳಿದರೆ ಹೇಗೋ ಹಾಗೆ.

ಈಗ ರಿಮೋಟಿನ ಒಳಗೆ ನಡೆಯುವುದೇನು? ಇದಕ್ಕೆ ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಪುರದ ದಿಕ್ಕಿಗೆ ಹೋದರೆ ಸಿಗುವ ದೂರವಾಣಿನಗರದ ತನಕ ಹೋದರೆ ಸಾಕು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಲ್ಲಿ 1948ರಲ್ಲಿ ಆರಂಭವಾಯಿತು. ಬೆರಳು ತೂರಿಸಿ ತಿರುಗಿಸುವ ಡಯಲಿನ ಫೋನುಗಳನ್ನೂ ಅವುಗಳಿಗೆ ತಕ್ಕ ಸ್ಟ್ರೌಜರ್ ವಿನಿಮಯ ಕೇಂದ್ರಗಳನ್ನೂ ಅಲ್ಲಿನ ಕೆಲಸಗಾರರು ತಮ್ಮ ಕೈಯಿಂದ ಜೋಡಿಸಿದರು. ಬಾಣಸವಾಡಿಯ ಸುತ್ತಿನ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡ ನಿವೃತ್ತರಲ್ಲಿ ಆ ಕಾರ್ಖಾನೆಯವರಿದ್ದಾರೆ. ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರು, ಮೋಟಾರು, ಸ್ವಿಚ್‌ಗೇರು ತಯಾರಿಸುತ್ತಿದ್ದು ಈಗ ಮುಚ್ಚಿರುವ ಎನ್.ಜಿ.ಇ.ಎಫ್.ನವರೂ ಇದ್ದಾರೆ. ಅವರಿಗೆ ‘ಈ ವಯಸ್ಸಿನಲ್ಲಿ ಇದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಬಿಡಿ’ ಎಂದು ಮೊಮ್ಮಕ್ಕಳು ಹೇಳುವುದುಂಟು. ಇದಕ್ಕಿಂತ ತಪ್ಪಾದ ಮಾತು ಇನ್ನೊಂದಿಲ್ಲ.

ಹಳೆಯ ಫೋನಿನಲ್ಲಿ 7 ಅಂಕಿಯ ರಂಧ್ರಕ್ಕೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಡಯಲು ಹಿಂದಕ್ಕೆ ಬರುವಾಗ ತಂತಿಯಲ್ಲಿ ವಿದ್ಯುತ್ತು ಏಳು ಬಾರಿ ಕಡಿದು ಕೂಡುತ್ತಿತ್ತು. ಸೊನ್ನೆಗೆ ಹತ್ತು ಬಾರಿ. ಸೆಕೆಂಡಿಗೆ ಸುಮಾರು ಹತ್ತರಂತೆ ಬರುವ ಈ ಮಿಡಿತಗಳನ್ನು ವಿನಿಮಯ ಕೇಂದ್ರದ ಯಂತ್ರ ಎಣಿಸಿ, ಅಷ್ಟು ಮೆಟ್ಟಿಲು ಹತ್ತಿ, ಸರಿಯಾದ ತಂತಿಯನ್ನು ಮುಟ್ಟುತ್ತಿತ್ತು. ರಿಮೋಟು ಮಾಡುವುದು ಇದನ್ನೇ: ಗುಂಡಿಯೊಂದಕ್ಕೆ ಗೊತ್ತಾದ ಮಿಡಿತಗಳ ಸಾಲನ್ನು ಕಳಿಸುವುದು. ತಂತಿಯ ಬದಲು ಬೆಳಕು, ಸೆಕೆಂಡಿಗೆ ಹತ್ತರ ಬದಲು ನೂರಾರು ಮಿಡಿತ. ವ್ಯತ್ಯಾಸ ಅಷ್ಟೆ.

ಸ್ಟ್ರೌಜರನ ಹೆಸರು ಬಂದದ್ದರಿಂದ ಒಂದು ಮಾತು. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್‌ಗೆ, ಟೆಲಿಫೋನ್ ಆಪರೇಟರು ತನ್ನ ಗಿರಾಕಿಗಳ ಕರೆಗಳನ್ನು ಎದುರಾಳಿಗೆ ಜೋಡಿಸಿಕೊಡುತ್ತಿದ್ದಾಳೆಂಬ ಅನುಮಾನವಿತ್ತು ಎಂಬುದು ಪ್ರಸಿದ್ಧ ಕಥೆ. ಮಧ್ಯದವರೇ ಬೇಡವೆಂದು ಆತ ಕಂಡುಹಿಡಿದ ಸ್ವಯಂಚಾಲಿತ ಯಂತ್ರಕ್ಕೆ 1891ರಲ್ಲಿ ಹಕ್ಕುಪತ್ರ ಸಿಕ್ಕಿತು. ಟಿ.ವಿ. ಹಚ್ಚಲು ಮಗನಿಗೆ ಫೋನು ಮಾಡಬೇಕಾದ ತಾಯಿ ಒಂದರ್ಥದಲ್ಲಿ ಮತ್ತೆ ಆಪರೇಟರ ಕಾಲಕ್ಕೆ ಹೋಗಿದ್ದಾರೆ.

ಟಿ.ವಿ. ರಿಮೋಟಿನ ಕಥೆ ಶುರುವಾಗುವುದು ಅಮೆರಿಕದ ಜೆನಿತ್ ಕಂಪನಿಯಲ್ಲಿ. 1950ರಲ್ಲಿ ಅದು ಹೊರತಂದ ಸಾಧನಕ್ಕೆ ‘ಲೇಜಿ ಬೋನ್ಸ್’ ಎಂದು ಹೆಸರು. ‘ಸೋಮಾರಿ’ ಎಂದರೆ ಸರಿಹೋದೀತು. ಅದಕ್ಕೆ ಉದ್ದನೆಯ ತಂತಿಯಿತ್ತು, ಜನ ಎಡವಿ ಬೀಳುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಬೆಳಕಿನಿಂದ ಕೆಲಸ ಮಾಡುವ ‘ಫ್ಲಾಶ್‌ಮ್ಯಾಟಿಕ್’ ಮಾಡಿದ. ಟಿ.ವಿ.ಯ ನಾಲ್ಕು ಮೂಲೆಗಳಲ್ಲಿ ಬೆಳಕಿಗೆ ಸ್ಪಂದಿಸುವ ಕಣ್ಣುಗಳಿದ್ದವು. ಯಾವ ಮೂಲೆಗೆ ಬೆಳಕು ಬಿಟ್ಟರೆ ಯಾವ ಕೆಲಸ ಎಂಬುದು ಗೊತ್ತಾಗಿತ್ತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಆ ಕಣ್ಣುಗಳು ಆಜ್ಞೆ ಬಂದಿತೆಂದೇ ತಿಳಿಯುತ್ತಿದ್ದವು. 1956ರಲ್ಲಿ ರಾಬರ್ಟ್ ಆಡ್ಲರ್ ಶ್ರವಣಾತೀತ ಧ್ವನಿಯ ಮೊರೆಹೊಕ್ಕ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಕಡ್ಡಿಗೆ ಬಡಿಯುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಉದ್ದದ ಕಡ್ಡಿ. ಬ್ಯಾಟರಿಯೇ ಇರಲಿಲ್ಲ. ಬ್ಯಾಟರಿ ತೀರಿದರೆ ಗಿರಾಕಿಗಳು ಟಿ.ವಿ.ಯೇ ಕೆಟ್ಟಿದೆ ಎಂದುಕೊಂಡಾರೆಂದು ಕಂಪನಿಯ ಮಾರಾಟಗಾರರಿಗೆ ಭಯವಿತ್ತಂತೆ. ಆ ಭಯ ಎಷ್ಟು ನಿಜವಾದುದೆಂದು ಟಿ.ವಿ. ರಿಪೇರಿಯವರನ್ನು ಕೇಳಿದರೆ ತಿಳಿಯುತ್ತದೆ. ಈ ಸಾಧನ ಕಾಲು ಶತಮಾನ ಬಾಳಿತು. ನಾಣ್ಯ ಝಣಗುಟ್ಟಿದರೆ, ನಾಯಿಯ ಸರಪಣಿ ಅಲುಗಿದರೆ ವಾಹಿನಿ ಬದಲಾಗುವ ಮುಜುಗರವೂ ಅದರೊಂದಿಗೆ ಬಾಳಿತು.

1980ರ ದಶಕದ ಹೊತ್ತಿಗೆ ಅವಗೆಂಪು ಕಿರಣ ಈ ಕೆಲಸವನ್ನು ವಹಿಸಿಕೊಂಡಿತು. ಕಾಮನಬಿಲ್ಲಿನ ಕೆಂಪಿನಿಂದಾಚೆ, ಕಣ್ಣಿಗೆ ಕಾಣದ ಈ ಬೆಳಕನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಉಷ್ಣಮಾಪಕದ ಸಹಾಯದಿಂದ ಗುರುತಿಸಿದ್ದ. ರಿಮೋಟಿನ ಮೂತಿಯಲ್ಲಿರುವ ಗಾಜಿನಂತಹ ಮಣಿಯಿಂದ ಹೊರಡುವುದು ಇದೇ. ಅಲ್ಲಿ ನಿಜವಾಗಿ ಬೆಳಕು ಹೊರಡುತ್ತಿದೆಯೇ ಎಂದು ನೋಡಬೇಕಾದರೆ ಮೊಬೈಲಿನ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಬೇಕು. ಕಣ್ಣಿಗೆ ಕಾಣದ್ದು ಮೊಬೈಲಿನ ಪರದೆಯಲ್ಲಿ ನಸುನೇರಳೆಯಾಗಿ ಮಿನುಗುತ್ತದೆ. ಕೆಲವು ಫೋನುಗಳ ಹಿಂಬದಿಯ ಕ್ಯಾಮೆರಾ ಈ ಬೆಳಕನ್ನು ಸೋಸಿಬಿಡುತ್ತದೆ. ಆಗ ಮುಂಬದಿಯ ಕ್ಯಾಮೆರಾದಲ್ಲಿ ನೋಡಬಹುದು. ರಿಮೋಟು ಸತ್ತಿದೆಯೋ ಟಿ.ವಿ. ಸತ್ತಿದೆಯೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆಯಿಲ್ಲ.

ಆದರೆ ಒಂದು ತೊಡಕಿದೆ. ಸೂರ್ಯ, ದೀಪದ ಬುರುಡೆ, ಒಲೆ, ಮನುಷ್ಯನ ಮೈ ಎಲ್ಲವೂ ಅವಗೆಂಪನ್ನು ಸೂಸುತ್ತವೆ. ಈ ಗದ್ದಲದಲ್ಲಿ ರಿಮೋಟಿನ ಮಾತು ಕೇಳುವುದು ಹೇಗೆ? ಅದಕ್ಕಾಗಿ ರಿಮೋಟು ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಟುಕಿಸುತ್ತದೆ. ಕಂಪನಿಗೆ ತಕ್ಕಂತೆ ಇದು 36,000 ಅಥವಾ 40,000 ಇರಬಹುದು. ಟಿ.ವಿ.ಯ ಕಣ್ಣು ಆ ವೇಗದ ಮಿಟುಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಜಾತ್ರೆಯ ಗದ್ದಲದಲ್ಲೂ ಮಗುವಿನ ಪೀಪಿ ತಾಯಿಯ ಕಿವಿಗೆ ಬೀಳುವಂತೆ.

ಈ ವೇಗದ ಮಿಟುಕಿನ ಉದ್ದ-ಗಿಡ್ಡ ತುಣುಕುಗಳಿಂದ ಪದ ಕಟ್ಟಲಾಗುತ್ತದೆ. ಇಲ್ಲಿ ಕಂಪನಿಗಳ ಹಾದಿ ಬೇರೆಯಾಯಿತು. ಫಿಲಿಪ್ಸ್ ಕಂಪನಿ ರೂಪಿಸಿದ ‘ಆರ್.ಸಿ.-5’ ಎಂಬ ಕ್ರಮದಲ್ಲಿ ಒಂದು ಆಜ್ಞೆಗೆ 14 ಬಿಟ್ಟುಗಳು, ಅಂದರೆ 14 ಹೌದು-ಅಲ್ಲಗಳು. ಅವುಗಳಲ್ಲಿ ಐದು ವಿಳಾಸಕ್ಕೆ: ಟಿ.ವಿ.ಗೆ 0, ವಿ.ಸಿ.ಆರ್.ಗೆ 5 ಎಂಬಂತೆ. ಆರು ಕೆಲಸಕ್ಕೆ: 12 ಎಂದರೆ ಆರಿಸು ಇಲ್ಲವೆ ಹಚ್ಚು, 13 ಎಂದರೆ ಮೌನ, 16 ಎಂದರೆ ಧ್ವನಿ ಏರಿಸು, 17 ಎಂದರೆ ಇಳಿಸು. ಯುರೋಪಿನ ಹಲವು ತಯಾರಕರು ಇದನ್ನೇ ಒಪ್ಪಿಕೊಂಡರು. ಜಪಾನಿನ ಎನ್.ಇ.ಸಿ. ಕಂಪನಿಯ ಕ್ರಮ ಬೇರೆ. ಅಲ್ಲಿ ಮೊದಲು 9 ಮಿಲಿಸೆಕೆಂಡಿನ ದೀರ್ಘವಾದೊಂದು ಕರೆ, ‘ಕೇಳಿಸಿಕೊಳ್ಳಿ’ ಎಂಬಂತೆ. ಬಳಿಕ ವಿಳಾಸ, ಆ ವಿಳಾಸದ ತಿರುಗುಮುರುಗು ರೂಪ, ಆಜ್ಞೆ, ಆ ಆಜ್ಞೆಯ ತಿರುಗುಮುರುಗು ರೂಪ. ಒಟ್ಟು 32 ಬಿಟ್ಟು. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವ ಎಚ್ಚರಿಕೆಯೇ ಇದು. ಎರಡೂ ತಾಳೆಯಾಗದಿದ್ದರೆ ಟಿ.ವಿ. ಸುಮ್ಮನಿರುತ್ತದೆ. ಸೋನಿಯದು ಇನ್ನೊಂದು ಪಂಥ. ಹೀಗೆ ಧ್ವನಿ ಏರಿಸು ಎಂಬ ಒಂದೇ ಮಾತಿಗೆ ಹತ್ತಾರು ಭಾಷೆಗಳಾದವು. ಕನ್ನಡ, ತಮಿಳು, ತೆಲುಗು, ಮಲಯಾಳಂ ಒಂದೇ ಬೀದಿಯಲ್ಲಿ ಕೇಳುವ ಬಾಣಸವಾಡಿ, ಕಮ್ಮನಹಳ್ಳಿಯವರಿಗೆ ಇದು ಹೊಸತಲ್ಲ. ಒಂದೇ ಭೇದವೆಂದರೆ, ಇಲ್ಲಿನ ತರಕಾರಿ ಅಂಗಡಿಯವನಿಗೆ ನಾಲ್ಕೂ ಭಾಷೆ ಬರುತ್ತದೆ, ಟಿ.ವಿ.ಗೆ ತನ್ನದೊಂದೇ ಬರುತ್ತದೆ.

ಎಲ್ಲರ ಭಾಷೆಯನ್ನೂ ಬಲ್ಲ ದುಭಾಷಿಯೊಬ್ಬ ಬೇಕಾದದ್ದು ಇಂಥ ಹೊತ್ತಿನಲ್ಲಿ. 1980ರ ದಶಕದ ನಡುವೆ ಅಮೆರಿಕದಲ್ಲಿ ಇತರ ರಿಮೋಟುಗಳಿಂದ ಕಲಿಯಬಲ್ಲ ರಿಮೋಟುಗಳು ಮಾರಾಟಕ್ಕೆ ಬಂದವು. ಆಪಲ್ ಕಂಪ್ಯೂಟರಿನ ಸ್ಥಾಪಕರಲ್ಲೊಬ್ಬನಾದ ಸ್ಟೀವ್ ವೋಜ್ನಿಯಾಕ್ ಆಪಲ್ಲಿನ ಕೆಲಸ ಬಿಟ್ಟ ಮೇಲೆ ಹೊಸದೊಂದು ಕಂಪನಿ ಕಟ್ಟಿ, 1987ರಲ್ಲಿ ‘ಕೋರ್’ ಎಂಬ ಕಲಿಯುವ ರಿಮೋಟನ್ನು ಹೊರತಂದ. ಕಂಪ್ಯೂಟರನ್ನು ಮನೆಮನೆಗೆ ತಲುಪಿಸಿದವರಲ್ಲೊಬ್ಬನಿಗೂ ತನ್ನ ಮನೆಯ ಮೇಜಿನ ಮೇಲಿದ್ದ ರಿಮೋಟುಗಳ ರಾಶಿ ತಲೆನೋವಾಗಿತ್ತೆಂಬುದು ಸಮಾಧಾನದ ಸಂಗತಿ. ಆತನ ರಿಮೋಟು ಬಹಳ ಸಮರ್ಥವಾಗಿತ್ತು. ಅಷ್ಟೇ ತೊಡಕಿನದೂ ಆಗಿತ್ತು. ಹೆಚ್ಚು ಜನ ಕೊಳ್ಳಲಿಲ್ಲ.

ಎಲ್ಲವನ್ನೂ ನಡೆಸಬಲ್ಲ ರಿಮೋಟುಗಳಲ್ಲಿ ಎರಡು ಜಾತಿ. ಮೊದಲನೆಯದು ಮಗ್ಗಿಯಂತೆ ಎಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡು ಬಂದದ್ದು. ನೂರಾರು ಟಿ.ವಿ.ಗಳ ಭಾಷೆ ಅದರ ನೆನಪಿನಲ್ಲಿರುತ್ತದೆ. ಯಾವುದು ಬೇಕೆಂಬುದನ್ನು ಮೂರು ಅಥವಾ ನಾಲ್ಕು ಅಂಕಿಯ ಸಂಖ್ಯೆಯಿಂದ ತಿಳಿಸಬೇಕು. ಸಂಖ್ಯೆಗಳ ಪಟ್ಟಿ ಪೊಟ್ಟಣದಲ್ಲಿರುವ ಮಡಿಸಿದ ಕಾಗದದಲ್ಲಿರುತ್ತದೆ, ಇರುವೆಯ ಗಾತ್ರದ ಇಂಗ್ಲಿಷಿನಲ್ಲಿ. ಪಟ್ಟಿ ಕಳೆದುಹೋದರೆ ಹುಡುಕಾಟದ ಉಪಾಯವಿದೆ: ರಿಮೋಟನ್ನು ಟಿ.ವಿ.ಯತ್ತ ಹಿಡಿದರೆ ಅದು ಒಂದಾದ ಮೇಲೊಂದು ಭಾಷೆಯಲ್ಲಿ ‘ಆರು, ಆರು’ ಎನ್ನುತ್ತ ಹೋಗುತ್ತದೆ, ಟಿ.ವಿ. ಆರಿದ ಕ್ಷಣ ನಿಲ್ಲಿಸಬೇಕು. ಇಲ್ಲಿ ಅನೇಕರು ಮೋಸಹೋಗುತ್ತಾರೆ. ಎರಡು ಸಂಕೇತಪಟ್ಟಿಗಳಲ್ಲಿ ಆರಿಸುವ ಮಾತು ಒಂದೇ ಇದ್ದು ಉಳಿದವು ಬೇರೆ ಇರಬಹುದು. ಆದ್ದರಿಂದ ಧ್ವನಿಯ ಗುಂಡಿಯನ್ನೂ ಒತ್ತಿ ನೋಡಿದ ಮೇಲೆಯೇ ಸಂಖ್ಯೆಯನ್ನು ಒಪ್ಪಬೇಕು.

ಎರಡನೆಯ ಜಾತಿ ಗಿಣಿಪಾಠದ್ದು. ಇದಕ್ಕೆ ಮೊದಲೇ ಏನೂ ಗೊತ್ತಿರುವುದಿಲ್ಲ. ಹಳೆಯ ರಿಮೋಟನ್ನು ಎದುರಿಗಿಟ್ಟರೆ, ಅದರ ಬೆಳಕು ಎಷ್ಟು ಹೊತ್ತು ಮಿಟುಕಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನು ಅಳೆದು ನೆನಪಿಟ್ಟುಕೊಳ್ಳುತ್ತದೆ. ಬಳಿಕ ಅದನ್ನೇ ಒಪ್ಪಿಸುತ್ತದೆ. 16 ಎಂದರೆ ಧ್ವನಿ ಎಂಬುದು ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ತಪ್ಪು ಕಲಿಸಿದರೆ ತಪ್ಪನ್ನೇ ನಿಷ್ಠೆಯಿಂದ ಕಲಿಯುತ್ತದೆ. ಧ್ವನಿಯ ಗುಂಡಿಗೆ ಆರಿಸುವ ಪಾಠ ಹೇಳಿಕೊಟ್ಟರೆ ಧ್ವನಿ ಏರಿಸಿದಾಗಲೆಲ್ಲ ಟಿ.ವಿ. ಆರಿಹೋಗುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ, ಇಂತಹ ಕಲಿಯುವ ರಿಮೋಟನ್ನು ಅಂಗಡಿಗೆ ಹೋಗಿ ಕೊಳ್ಳಬೇಕಾಗಿಯೇ ಇಲ್ಲ. ಕೇಬಲ್ಲಿನವರು ಪೆಟ್ಟಿಗೆಯ ಜೊತೆಗೆ ಕೊಟ್ಟ ರಿಮೋಟುಗಳಲ್ಲಿ ಅನೇಕವು ಈ ಜಾತಿಯವೇ. ಮೇಲ್ಭಾಗದಲ್ಲಿ ನಾಲ್ಕೈದು ಗುಂಡಿಗಳ ಸುತ್ತ ಗೆರೆಯೆಳೆದು ‘ಟಿ.ವಿ.’ ಎಂದು ಬರೆದಿರುತ್ತದೆ; ಆರಿಸುವುದು, ಧ್ವನಿ ಏರಿಸುವುದು, ಇಳಿಸುವುದು, ‘ಎ.ವಿ.’ ಮತ್ತು ‘ಸೆಟ್’. ಪೆಟ್ಟಿಗೆ ಕೂರಿಸಲು ಬಂದ ಹುಡುಗ ಅವಸರದಲ್ಲಿ ಹೇಳದೆ ಹೋದದ್ದರಿಂದ ಎಷ್ಟೋ ಮನೆಗಳಲ್ಲಿ ಆ ಗುಂಡಿಗಳು ಒಮ್ಮೆಯೂ ಒತ್ತಿಸಿಕೊಳ್ಳದೆ ಕುಳಿತಿವೆ. ಎರಡು ರಿಮೋಟಿನ ಗೊಂದಲಕ್ಕೆ ಮದ್ದು ಗೊಂದಲದ ಒಳಗೇ ಇದೆ, ಯಾರೂ ಹೇಳಿಲ್ಲ ಅಷ್ಟೆ.

ಕಲಿಸುವ ಕ್ರಮ ಹೀಗೆ. ಎರಡಕ್ಕೂ ಹೊಸ ಬ್ಯಾಟರಿ ಹಾಕಬೇಕು. ಬಳಲಿದ ಗುರುವಿನ ಪಾಠ ಶಿಷ್ಯನಿಗೆ ಅರ್ಧ ಮಾತ್ರ ಮುಟ್ಟುತ್ತದೆ. ಬಿಸಿಲು ಬೀಳದ ಮೇಜಿನ ಮೇಲೆ, ಮೇಲುಗಡೆಯ ಟ್ಯೂಬ್‌ಲೈಟನ್ನು ಆರಿಸಿ, ಎರಡು ರಿಮೋಟುಗಳ ಮೂತಿಗಳನ್ನು ಎದುರುಬದುರಾಗಿ ಎರಡು ಮೂರು ಬೆರಳಿನ ಅಂತರದಲ್ಲಿ ಇಡಬೇಕು. ಪೆಟ್ಟಿಗೆಯ ರಿಮೋಟಿನ ‘ಸೆಟ್’ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಕೆಂಪು ದೀಪ ಹತ್ತಿಕೊಂಡು ಹಾಗೇ ನಿಲ್ಲುತ್ತದೆ. ಶಿಷ್ಯ ಸಿದ್ಧನಾದನೆಂದು ಅರ್ಥ. ಈಗ ಅದರಲ್ಲಿ ಯಾವ ಗುಂಡಿಗೆ ಕಲಿಸಬೇಕೋ ಅದನ್ನು, ಉದಾಹರಣೆಗೆ ಟಿ.ವಿ. ಚೌಕದ ಧ್ವನಿ ಏರಿಸುವ ಗುಂಡಿಯನ್ನು, ಒಮ್ಮೆ ಒತ್ತಬೇಕು. ದೀಪ ಮಿನುಗತೊಡಗುತ್ತದೆ. ಕೂಡಲೇ ಟಿ.ವಿ.ಯ ಹಳೆಯ ರಿಮೋಟಿನಲ್ಲಿ ಅದೇ ಕೆಲಸದ ಗುಂಡಿಯನ್ನು ಒತ್ತಬೇಕು. ದೀಪ ಎರಡು ಮೂರು ಸಲ ಬೇಗಬೇಗ ಮಿನುಗಿ ಮತ್ತೆ ಸ್ಥಿರವಾದರೆ ಪಾಠ ಮುಟ್ಟಿತು. ಹೀಗೆ ಒಂದೊಂದನ್ನೇ ಕಲಿಸಿ, ಕೊನೆಗೆ ‘ಸೆಟ್’ ಒತ್ತಿದರೆ ದೀಪ ಆರುತ್ತದೆ, ಕಲಿತದ್ದು ಉಳಿಯುತ್ತದೆ. ದೀಪದ ನಡವಳಿಕೆ ಕಂಪನಿಯಿಂದ ಕಂಪನಿಗೆ ತುಸು ಬೇರೆಯಾಗಬಹುದು; ಕ್ರಮ ಮಾತ್ರ ಇದೇ. ಮೊದಲು ಶಿಷ್ಯನ ಗುಂಡಿ, ಆಮೇಲೆ ಗುರುವಿನ ಗುಂಡಿ. ಇದನ್ನು ಹಿಂದುಮುಂದು ಮಾಡುವುದೇ ಹೆಚ್ಚಿನ ಸೋಲುಗಳಿಗೆ ಕಾರಣ.

ಎಲ್ಲವೂ ಮುಗಿದ ಮೇಲೂ ಒಂದು ವಿಚಿತ್ರ ಕಾಣಿಸಿಕೊಳ್ಳಬಹುದು. ಅಂಕಿಯ ಗುಂಡಿಗಳನ್ನೂ ಕಲಿಸಬಹುದಾದ ರಿಮೋಟಿನಲ್ಲಿ 11ನೆಯ ವಾಹಿನಿ ಬೇಕೆಂದು ಒಂದನ್ನು ಎರಡು ಸಲ ಒತ್ತಿದರೆ, ಕೆಲವು ಸೆಟ್ಟುಗಳು ಒಂದನೆಯ ವಾಹಿನಿಗೇ ಹೋಗಿ ನಿಲ್ಲುತ್ತವೆ. ರಿಮೋಟು ಕೆಟ್ಟಿದೆಯೆಂದು ಹಿಂದಿರುಗಿಸಲು ಓಡುವ ಮೊದಲು ಆರ್.ಸಿ.-5ರ ಲೆಕ್ಕ ನೆನೆಯಬೇಕು. ಅದರ 14 ಬಿಟ್ಟುಗಳಲ್ಲಿ ಒಂದು ಬಿಟ್ಟು ಗುಂಡಿಯನ್ನು ಹೊಸದಾಗಿ ಒತ್ತಿದಾಗಲೆಲ್ಲ 0 ಇದ್ದದ್ದು 1, 1 ಇದ್ದದ್ದು 0 ಆಗುತ್ತದೆ. ಗುಂಡಿಯನ್ನು ಒತ್ತಿ ಹಿಡಿದಿದ್ದಾರೋ, ಬಿಟ್ಟು ಎರಡನೆಯ ಸಲ ಒತ್ತಿದರೋ ಎಂದು ಟಿ.ವಿ. ತಿಳಿಯುವುದು ಅದರಿಂದ. ಗಿಣಿಪಾಠದ ರಿಮೋಟು ಕಲಿಯುವಾಗ ಆ ಬಿಟ್ಟು ಹೇಗಿತ್ತೋ ಹಾಗೇ ಕಂಠಪಾಠ ಮಾಡಿರುತ್ತದೆ, ಪ್ರತಿಸಲವೂ ಅದನ್ನೇ ಒಪ್ಪಿಸುತ್ತದೆ. ಟಿ.ವಿ.ಗೆ ಎರಡು ಒತ್ತು ಒಂದೇ ದೀರ್ಘ ಒತ್ತಾಗಿ ಕೇಳಿಸುತ್ತದೆ. ಉಚ್ಚಾರ ಶುದ್ಧವಾಗಿದ್ದೂ ಅರ್ಥ ತಪ್ಪುವುದೆಂದರೆ ಇದೇ. ಮೊದಲ ಒತ್ತಿನ ಬಳಿಕ ತುಸು ತಡೆದು ಎರಡನೆಯದನ್ನು ಒತ್ತಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಮಗ್ಗಿ ಕಲಿತು ಬಂದ ಜಾತಿಗೆ ಈ ಕಷ್ಟವಿಲ್ಲ. ಅದಕ್ಕೆ ವ್ಯಾಕರಣವೂ ಗೊತ್ತಿರುತ್ತದೆ.

ಇನ್ನೊಂದು ಮಿತಿ ಹೊಸ ಕಾಲದ್ದು. ಇಂಟರ್‌ನೆಟ್ಟಿಗೆ ಜೋಡಿಸುವ ಟಿ.ವಿ.ಗಳ, ಕಡ್ಡಿಗಳ ರಿಮೋಟುಗಳಲ್ಲಿ ಅನೇಕವು ಬೆಳಕಿನ ಬದಲು ಬ್ಲೂಟೂತ್ ರೇಡಿಯೊ ಬಳಸುತ್ತವೆ. ಅವುಗಳನ್ನು ಟಿ.ವಿ.ಯತ್ತ ತಿರುಗಿಸಬೇಕಾಗಿಲ್ಲ, ಹೊದಿಕೆಯೊಳಗಿನಿಂದಲೂ ನಡೆಯುತ್ತವೆ. ಆದರೆ ಬೆಳಕಿನಿಂದ ಕಲಿಯುವ ರಿಮೋಟಿನ ಎದುರು ಅವನ್ನಿಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅಂಥ ಕಡೆ ಎಚ್.ಡಿ.ಎಂ.ಐ. ತಂತಿಯ ಮೂಲಕವೇ ಟಿ.ವಿ. ಮತ್ತು ಕಡ್ಡಿ ಪರಸ್ಪರ ಆಜ್ಞೆ ದಾಟಿಸಿಕೊಳ್ಳುವ ಏರ್ಪಾಡು ಬಹಳ ಟಿ.ವಿ.ಗಳಲ್ಲಿದೆ. ಸೆಟ್ಟಿಂಗಿನಲ್ಲಿ ‘ಸಿ.ಇ.ಸಿ.’ ಎಂಬುದನ್ನು ಒಮ್ಮೆ ತೆರೆದಿಟ್ಟರೆ ಸಾಕು. ಅವಗೆಂಪು ದೀಪವಿರುವ ಮೊಬೈಲು ಫೋನುಗಳೂ ಇವೆ. ಶಿಯೋಮಿಯ ಅನೇಕ ಫೋನುಗಳಲ್ಲಿ ಈ ಸೌಲಭ್ಯವಿದೆ. ಮಗಳು ಬಂದಾಗ ಅವಳ ಫೋನಿನಿಂದ ಟಿ.ವಿ. ಹಚ್ಚುವುದು ಚೆನ್ನವೇ, ಆದರೆ ಅವಳು ಹೊರಟ ಮೇಲೆ ಫೋನೂ ಹೊರಡುತ್ತದೆ.

ಈ ಎಲ್ಲದರ ಮಧ್ಯೆ ಮುಖ್ಯವಾದದ್ದು ಕಾಲ. ಗಿಣಿಪಾಠಕ್ಕೆ ಗುರು ಬದುಕಿರಬೇಕು. ಟಿ.ವಿ.ಯ ಹಳೆಯ ರಿಮೋಟಿನ ಗುಂಡಿಗಳು ಸವೆದು, ಅಂಗೈಗೆ ಬಡಿದು ಎಬ್ಬಿಸಬೇಕಾದ ಸ್ಥಿತಿಗೆ ಬಂದಾಗಲೇ ಪಾಠ ಮುಗಿಸಬೇಕು. ಪೂರ್ತಿ ನಿಂತ ಮೇಲೆ ಅದರ ಭಾಷೆ ಆ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಹಾಗೊಮ್ಮೆ ನಿಂತರೂ ದಾರಿ ಇಲ್ಲದಿಲ್ಲ. ರಬ್ಬರು ಗುಂಡಿಗಳ ಕೆಳಗಿನ ಕಪ್ಪು ಇಂಗಾಲದ ಬಿಲ್ಲೆಗಳನ್ನು, ಅವು ಮುಟ್ಟುವ ಹಲಗೆಯನ್ನು ಸ್ಪಿರಿಟ್ಟು ಹಚ್ಚಿದ ಹತ್ತಿಯಿಂದ ಒರೆಸಿದರೆ ಅನೇಕ ರಿಮೋಟುಗಳು ಮತ್ತೆ ಕಣ್ಣು ಬಿಡುತ್ತವೆ, ಪಾಠ ಹೇಳುವಷ್ಟು ಹೊತ್ತಾದರೂ. ಅದೂ ಆಗದಿದ್ದರೆ ಎಸ್.ಪಿ. ರಸ್ತೆಯೋ ಶಿವಾಜಿನಗರವೋ ಇದ್ದೇ ಇದೆ. ಅಲ್ಲಿನ ಅಂಗಡಿಗಳಲ್ಲಿ ಗೋಡೆಯ ತುಂಬ ರಿಮೋಟುಗಳು ಪ್ಲಾಸ್ಟಿಕ್ ಚೀಲಗಳಲ್ಲಿ ನೇತಾಡುತ್ತಿರುತ್ತವೆ. ಸತ್ತ ರಿಮೋಟನ್ನು ಕೊಂಡೊಯ್ದು ತೋರಿಸಿದರೆ ಅಂಗಡಿಯವರು ಗುಂಡಿಗಳ ಜೋಡಣೆ ನೋಡಿಯೇ ಅದರ ಒಡಹುಟ್ಟನ್ನು ಆರಿಸಿ ಕೊಡುತ್ತಾರೆ. ಟಿ.ವಿ.ಯ ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಕಂಪನಿಯ ಹೆಸರಷ್ಟೇ ಸಾಲದು, ಒಂದೇ ಕಂಪನಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಂಕೇತ ಬಳಸಿರುವುದುಂಟು.

ಕಲಿಸಿದ ಮೇಲೆ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಬೇಕಾದದ್ದು ಬಿಳಿಯ ಪ್ಲಾಸ್ಟರು ಮತ್ತು ಪೆನ್ನು. ಕಲಿತ ನಾಲ್ಕು ಗುಂಡಿಗಳ ಪಕ್ಕದಲ್ಲಿ ‘ಟಿ.ವಿ.’, ‘ಸದ್ದು ಮೇಲೆ’, ‘ಸದ್ದು ಕೆಳಗೆ’, ‘ನೀಲಿ ಬಂದರೆ ಇದು’ ಎಂದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬರೆದು ಅಂಟಿಸುವುದು. ಎಂದೂ ಬಳಸದ ಗುಂಡಿಗಳ ಮೇಲೆ ಏನನ್ನೂ ಬರೆಯದೆ ಪ್ಲಾಸ್ಟರು ಹಾಕಿಬಿಡುವುದು. ಬಾಯಿಪಾಠದ ಜಾತಿಯ ರಿಮೋಟಾದರೆ ಅದರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಬ್ಯಾಟರಿಯ ಮುಚ್ಚಳದ ಒಳಬದಿಗೆ ಅಂಟಿಸುವುದು. ಹಳೆಯ ಮಾದರಿಗಳು ಬ್ಯಾಟರಿ ತೆಗೆದು ಬಹಳ ಹೊತ್ತಾದರೆ ಎಲ್ಲವನ್ನೂ ಮರೆಯುತ್ತವೆ. ಟಿ.ವಿ.ಯ ಮೂಲ ರಿಮೋಟನ್ನು ಬಿಸಾಡದೆ, ಬ್ಯಾಟರಿ ತೆಗೆದು, ಬೀರುವಿನಲ್ಲಿ ಗ್ಯಾಸ್ ಪುಸ್ತಕದ ಪಕ್ಕ ಇಡುವುದು. ಮುಂದಿನ ಪೆಟ್ಟಿಗೆ ಬಂದಾಗ ಪಾಠ ಹೇಳಲು ಅದೇ ಬೇಕಾಗುತ್ತದೆ.